ಬೆರಳಿನ ಯಂತ್ರವೂ ಉಸಿರಿನ ಲೆಕ್ಕವೂ

ಕಡಲೆಕಾಯಿ ಸುಗ್ಗಿ ಬಂತೆಂದರೆ ನಮ್ಮ ಅಮರಾಪುರದ ಸುತ್ತಿನ ಹಳ್ಳಿಗಳಲ್ಲಿ ಕೆಮ್ಮಿನ ಸದ್ದೂ ಹೆಚ್ಚುತ್ತದೆ. ಬಳ್ಳಿಯ ಧೂಳು, ಸೌದೆ ಒಲೆಯ ಹೊಗೆ, ಗಂಡಸರ ಬೀಡಿ ಇವೆಲ್ಲ ಸೇರಿ ಎಷ್ಟೋ ಹಿರಿಯರಿಗೆ ದಮ್ಮು ಹಿಡಿಸಿವೆ. ವಯಸ್ಸಾದ ಮೇಲೆ ಇದು ಇದ್ದದ್ದೇ ಎಂದು ನಾವು ಸುಮ್ಮನಾಗುತ್ತೇವೆ. ವೈದ್ಯರು ಇದಕ್ಕೆ ಸಿ.ಒ.ಪಿ.ಡಿ. ಎನ್ನುತ್ತಾರೆ. ಶ್ವಾಸನಾಳಗಳು ಕಿರಿದಾಗಿ, ಒಳಗೆ ಹೋದ ಗಾಳಿ ಸರಾಗವಾಗಿ ಹೊರಬರದ ದೀರ್ಘಕಾಲದ ರೋಗವಿದು.

ಮೈಸೂರು ಜಿಲ್ಲೆಯ ಹಳ್ಳಿ ಹೆಂಗಸರನ್ನು ಪರೀಕ್ಷಿಸಿದ ವೈದ್ಯರು 2013ರಲ್ಲಿ ಒಂದು ಸುಲಭ ಲೆಕ್ಕವನ್ನು ಪ್ರಕಟಿಸಿದರು. ದಿನಕ್ಕೆ ಎಷ್ಟು ಗಂಟೆ ಸೌದೆ ಒಲೆಯ ಮುಂದೆ ಕಳೆದರೋ ಅದನ್ನು ವರ್ಷಗಳಿಂದ ಗುಣಿಸಬೇಕು. 60 ಮುಟ್ಟಿದರೆ ದೀರ್ಘಕಾಲದ ಕೆಮ್ಮು ಕಫದ ಅಪಾಯ ಎದ್ದುಕಾಣುವಷ್ಟು ಹೆಚ್ಚುತ್ತದೆ. ದಿನಕ್ಕೆ 3 ಗಂಟೆಯಂತೆ 20 ವರ್ಷಕ್ಕೇ 60 ಆಯಿತು. ನಮ್ಮ ತಾಯಂದಿರಲ್ಲಿ ಇದನ್ನು ದಾಟದವರು ಎಷ್ಟು ಮಂದಿ?

2021ರ ಕೊರೋನಾ ಕಾಲದಲ್ಲಿ ಅನೇಕರು ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಕೊಂಡರು. ಜಪಾನಿನ ತಕುವೊ ಅಓಯಾಗಿ ಎಂಬವರು 1970ರ ದಶಕದಲ್ಲಿ ಕಂಡುಹಿಡಿದ ಉಪಾಯ ಅದರೊಳಗಿದೆ. ಕೆಂಪು ಬೆಳಕನ್ನೂ ಕಣ್ಣಿಗೆ ಕಾಣದ ಇನ್ನೊಂದು ಬೆಳಕನ್ನೂ ಬೆರಳಿನ ಮೂಲಕ ಹಾಯಿಸಿ, ರಕ್ತದಲ್ಲಿ ಆಮ್ಲಜನಕ ಶೇಕಡಾ ಎಷ್ಟು ತುಂಬಿದೆಯೆಂದು ಅದು ತೋರಿಸುತ್ತದೆ. ಆರೋಗ್ಯವಂತರಿಗೆ ಸಾಮಾನ್ಯವಾಗಿ 95ರ ಮೇಲಿರುತ್ತದೆ.

ಇಲ್ಲಿ ನಾವೇ ತಪ್ಪಿದ್ದೇವೆ. ನಮ್ಮ ದೊಡ್ಡಮ್ಮನವರು ದಮ್ಮೆಂದಾಗ ಜಗಲಿಯಲ್ಲಿ ಕೂರಿಸಿ ನೋಡಿದೆವು, 95 ಇತ್ತು. "ಏನೂ ಇಲ್ಲ ದೊಡ್ಡಮ್ಮ" ಎಂದುಬಿಟ್ಟೆವು. ತಿಂಗಳಾದ ಮೇಲೆ, ಹಿತ್ತಿಲಿನಿಂದ ನೀರು ಹೊತ್ತು ಬಂದವರ ಬೆರಳಿಗೆ ಹಾಕಿದಾಗ 86. ಕೂತಾಗ ಸರಿಯಿದ್ದದ್ದು ನಡೆದಾಗ ಕುಸಿಯುತ್ತಿತ್ತು. ಆ ಒಂದು ತಿಂಗಳು ಅವರ ಮಾತಿಗಿಂತ ಯಂತ್ರದ ಮಾತನ್ನೇ ನಾವು ನಂಬಿದ್ದೆವು.

ಮಳೆ ಕಾಣದ ನಮ್ಮ ಸೀಮೆಯ ರೈತನಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಒಂದು ದಿನದ ಮಳೆ ಅಳತೆಯಿಂದ ವರ್ಷದ ಬೆಳೆಯನ್ನು ಯಾರೂ ನಿರ್ಧರಿಸುವುದಿಲ್ಲ. ಬೆರಳಿನ ಅಂಕಿಯೂ ಹಾಗೆಯೇ. ಆದುದರಿಂದ ಮನೆಯಲ್ಲಿ ಒಂದು ನೋಟುಬುಕ್ಕು ಇಡಿರಿ. ಕೂತಾಗ ಒಮ್ಮೆ, ಸ್ವಲ್ಪ ನಡೆದ ಮೇಲೆ ಒಮ್ಮೆ ನೋಡಿ ಬರೆಯಿರಿ. ಒಂದು ನಿಮಿಷಕ್ಕೆ ಎಷ್ಟು ಉಸಿರೆಂಬುದನ್ನೂ ಎಣಿಸಿರಿ. ಬೆರಳು ತಣ್ಣಗಿದ್ದರೆ ಉಜ್ಜಿ ಬೆಚ್ಚಗೆ ಮಾಡಿರಿ; ಉಗುರಿಗೆ ಬಣ್ಣ, ಗೋರಂಟಿ ಬೇಡ. ಶಾಲೆಗೆ ಹೋಗುವ ಮೊಮ್ಮಕ್ಕಳು ಈ ಕೆಲಸವನ್ನು ಚೆನ್ನಾಗಿ ಮಾಡುತ್ತಾರೆ.

ಇನ್ನೊಂದು ಎಚ್ಚರಿಕೆ. 2020ರಲ್ಲಿ ಅಮೆರಿಕದ ಆಸ್ಪತ್ರೆಗಳ ದಾಖಲೆ ಪರಿಶೀಲಿಸಿದಾಗ, ಕಪ್ಪು ಜನರಲ್ಲಿ ಈ ಯಂತ್ರ ಆಮ್ಲಜನಕದ ಕೊರತೆಯನ್ನು ಮರೆಮಾಚುವುದು ಬಿಳಿಯರಿಗಿಂತ ಸುಮಾರು ಮೂರು ಪಟ್ಟು ಹೆಚ್ಚೆಂದು ಕಂಡಿತು. ಬಿಸಿಲಿನಲ್ಲಿ ದುಡಿಯುವ ಕಪ್ಪು ಮೈಯ ನಮಗೂ ಇದು ಗಮನಾರ್ಹ. ತುಟಿ ನೀಲಿಯಾದರೆ, ಒಂದು ಮಾತು ಪೂರ್ತಿ ಆಡಲಾಗದಷ್ಟು ಏದುಸಿರಾದರೆ, ಮಂಪರು ಕವಿದರೆ, ಅಂಕಿ ಎಷ್ಟೇ ಇರಲಿ, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು. ಆಮ್ಲಜನಕವನ್ನೂ ಮನಬಂದಂತೆ ಹೆಚ್ಚಿಸಬಾರದು. ಈ ರೋಗಿಗಳಿಗೆ ವೈದ್ಯರು ಸಾಮಾನ್ಯವಾಗಿ 88ರಿಂದ 92ರ ಗುರಿ ಇಡುತ್ತಾರೆ. ಅತಿಯಾದರೆ ರಕ್ತದಲ್ಲಿ ಇಂಗಾಲಾಮ್ಲ ಸೇರಿ ಮಂಪರು ಬರುವುದುಂಟು.

ರೋಗ ಯಾವುದೆಂದು ಗೊತ್ತಾಗುವುದು ಆಕ್ಸಿಮೀಟರಿನಿಂದಲ್ಲ, ಸ್ಪೈರೋಮೀಟರಿನಲ್ಲಿ ಊದುವ ಪರೀಕ್ಷೆಯಿಂದ. ಆ ಪರೀಕ್ಷೆ ಹಳ್ಳಿಯ ಹತ್ತಿರ ಸಿಗುವಂತೆ ನಾವು ಒಟ್ಟಾಗಿ ಕೇಳಬೇಕು. ಚೀಟಿ ತೆಲುಗಿನಲ್ಲೋ ಇಂಗ್ಲಿಷಿನಲ್ಲೋ ಇರುವುದರಿಂದ ನಮ್ಮ ಹಿರಿಯರು ವೈದ್ಯರ ಮುಂದೆ ತಲೆಯಾಡಿಸಿ ಬರುತ್ತಾರೆ. ಆದರೆ ಅಂಕಿಗೆ ಗಡಿಯಿಲ್ಲ. ತಿಂಗಳ ಲೆಕ್ಕವಿರುವ ನೋಟುಬುಕ್ಕನ್ನು ಹಿಂದೂಪುರದ ವೈದ್ಯರೂ ಓದಬಲ್ಲರು, ಶಿರಾದ ವೈದ್ಯರೂ ಓದಬಲ್ಲರು.

ಪೆಟ್ಟಿಗೆಯಲ್ಲಿಟ್ಟ ಯಂತ್ರವನ್ನು ಹೊರತೆಗೆಯಿರಿ. ಅದಕ್ಕಿಂತ ಮೊದಲು, ದಮ್ಮೆನ್ನುವವರ ಮಾತಿಗೆ ಕಿವಿಗೊಡಿರಿ.