ಗುಳಿಗೆ ಕೊಟ್ಟರೆ ಮುಗಿಯಿತೇ?

ಸರ್ಕಾರಿ ಆಸ್ಪತ್ರೆಯ ಔಷಧ ಕಿಟಕಿಯಲ್ಲಿ ದಿನವಿಡೀ ಕೇಳುವ ಪ್ರಶ್ನೆ ‘ಗೊತ್ತಾಯ್ತಾ?’ ದಿನವಿಡೀ ಬರುವ ಉತ್ತರ ‘ಹ್ಞೂಂ’. ಹಾವೇರಿ ಜಿಲ್ಲೆಯ ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ಫಾರ್ಮಸಿ ಅಧಿಕಾರಿಯಾಗಿರುವ ನನಗೆ ಆ ‘ಹ್ಞೂಂ’ ಮೇಲೆ ನಂಬಿಕೆಯಿಲ್ಲ. ಹಿಂದೆ ಉದ್ದನೆಯ ಸಾಲು, ಊರಿನ ಬಸ್ಸಿಗೆ ಹೊತ್ತಾಯಿತೆಂಬ ಗಡಿಬಿಡಿ, ಕೈಯಲ್ಲಿ ಇಂಗ್ಲಿಷ್ ಚೀಟಿ. ಇಷ್ಟರ ನಡುವೆ ‘ತಿಳೀಲಿಲ್ರಿ’ ಎನ್ನುವ ಧೈರ್ಯ ಯಾರಿಗಿರುತ್ತದೆ? ಅದಕ್ಕೇ ನಾನು ಕೇಳುವುದು ಬೇರೆ: ‘ಮನೀಗೆ ಹೋಗಿ ಇದನ್ನ ಹೆಂಗ ತಗೋತೀರಿ, ಒಮ್ಮೆ ಹೇಳ್ರಿ.’

ಹೀಗೆ ಕೇಳಿದಾಗ ಅಜ್ಜಿಯೊಬ್ಬರು ಕ್ಯಾರಿಬ್ಯಾಗನ್ನೇ ಕಟ್ಟೆಯ ಮೇಲೆ ಸುರಿದರು. ಬಿ.ಪಿ.ಗೆ ನಾವು ಕೊಟ್ಟ ಆಮ್ಲೋಡಿಪಿನ್ ಇತ್ತು. ಖಾಸಗಿ ದವಾಖಾನೆಯಲ್ಲಿ ಬರೆಸಿಕೊಂಡ ಇನ್ನೊಂದು ಗುಳಿಗೆಯೂ ಇತ್ತು. ಅದರ ಹಾಳೆಯ ಮೇಲೆ ದೊಡ್ಡಕ್ಷರದಲ್ಲಿ ಕಂಪನಿ ಇಟ್ಟ ಹೆಸರು, ಕೆಳಗೆ ಸಣ್ಣಕ್ಷರದಲ್ಲಿ ಅದೇ ಆಮ್ಲೋಡಿಪಿನ್. ‘ಒಂದು ಬಿಳೇದೈತಿ, ಒಂದು ಹಳದಿ ಐತಿ, ಎರಡೂ ಒಂದ ಹೆಂಗ ಆಕ್ಕಾವು ಯವ್ವಾ?’ ಎಂದರು. ಎರಡನ್ನೂ ನುಂಗುತ್ತಿದ್ದರು. ಈ ಔಷಧ ಹೆಚ್ಚಾದರೆ ಪಾದ ಬಾಯುವುದುಂಟು. ಅವರ ಪಾದವೂ ಬಾತಿತ್ತು, ಆ ಬಾವಿಗೆಂದು ಮೂರನೆಯ ಗುಳಿಗೆಯೂ ಸೇರಿತ್ತು! ನಮ್ಮ ವೈದ್ಯರ ಬಳಿ ಕಳಿಸಿದೆ. ಅವರು ನೋಡಿ ಎರಡನ್ನು ನಿಲ್ಲಿಸಿದರು.

ಇಂಥವು ಬೇಕಾದಷ್ಟಿವೆ. ಉಬ್ಬಸದವರು ಯಂತ್ರದಲ್ಲಿಟ್ಟು ಬಾಯಿಂದ ಎಳೆದುಕೊಳ್ಳಬೇಕಾದ ಪುಡಿಯ ಕ್ಯಾಪ್ಸೂಲನ್ನು ನೀರಿನ ಜೊತೆ ನುಂಗಿಬಿಡುತ್ತಾರೆ. ಥೈರಾಯ್ಡ್ ಗುಳಿಗೆಯನ್ನು ಖಾಲಿ ಹೊಟ್ಟೆಯಲ್ಲಿ ತೆಗೆದುಕೊಂಡು ಮರುಕ್ಷಣವೇ ಚಹಾ ಕುಡಿಯುತ್ತಾರೆ. ಅರ್ಧ ಗಂಟೆಯಾದರೂ ಬಿಡಬೇಕೆಂದು ಹೇಳಿದವರಿಲ್ಲ. ರಾತ್ರಿ ಕರೆಂಟ್ ಬಂದಾಗ ಹೊಲಕ್ಕೆ ನೀರು ಹಾಯಿಸುವ ರೈತ ಸಕ್ಕರೆ ಕಾಯಿಲೆಯ ಗ್ಲಿಮೆಪಿರೈಡ್ ನುಂಗಿ, ತಿಂಡಿ ತಿನ್ನದೆ ಮಲಗಿಬಿಟ್ಟರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಕೀಲುವಾತಕ್ಕೆ ವಾರಕ್ಕೊಮ್ಮೆ ಕೊಡುವ ಮೆಥೊಟ್ರೆಕ್ಸೇಟನ್ನು ದಿನವೂ ತೆಗೆದುಕೊಂಡರಂತೂ ಜೀವಕ್ಕೇ ಸಂಚಕಾರ. ಅದರ ಕವರಿನ ಮೇಲೆ ನಾನು ‘ಸೋಮವಾರ ಮಾತ್ರ’ ಎಂದು ಕನ್ನಡದಲ್ಲಿ ದಪ್ಪಗೆ ಬರೆದು ಕೊಡುತ್ತೇನೆ.

‘ಇದನ್ನೆಲ್ಲ ಹೇಳಬೇಕಾದವರು ಡಾಕ್ಟರು’ ಎನ್ನುವವರಿದ್ದಾರೆ. ಹೇಳಲಿ, ಬೇಡವೆಂದವರಾರು? ಆದರೆ ವೈದ್ಯರ ಎದುರು ಕೂತಾಗ ರೋಗಿಯ ಕೈಯಲ್ಲಿ ಇನ್ನೂ ಗುಳಿಗೆ ಬಂದಿರುವುದಿಲ್ಲ. ಹಾಳೆ, ಶೀಶೆ, ಇನ್ಸುಲಿನ್ ಪೆನ್ನು ಕೈಗೆ ಬರುವುದು ನಮ್ಮ ಕಿಟಕಿಯಲ್ಲಿ. ಅನುಮಾನ ಹುಟ್ಟುವುದೂ ಅಲ್ಲೇ. ಔಷಧದ ಬಗ್ಗೆ ರೋಗಿಗೆ ತಿಳಿಹೇಳುವುದು ಫಾರ್ಮಸಿಸ್ಟರ ಹೊಣೆ ಎಂದು 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಾವಳಿಯೂ ಹೇಳುತ್ತದೆ. ಈ ಕೆಲಸಕ್ಕೆಂದೇ ಆಸ್ಪತ್ರೆಯಲ್ಲಿ ತರಬೇತಿ ಕೊಡುವ ಆರು ವರ್ಷಗಳ ಫಾರ್ಮ್.ಡಿ. ಕೋರ್ಸ್ ದೇಶದಲ್ಲಿ ಶುರುವಾದದ್ದು 2008ರಲ್ಲಿ. ಮೈಸೂರಿನ ಜೆಎಸ್ಎಸ್ ಆಸ್ಪತ್ರೆಯಂಥ ಕಡೆ ಫಾರ್ಮಸಿಸ್ಟರು ವಾರ್ಡಿಗೇ ಹೋಗಿ ರೋಗಿಯ ಹಾಸಿಗೆಯ ಪಕ್ಕ ನಿಂತು ಮಾತಾಡುತ್ತಾರೆ. ನಮ್ಮಲ್ಲಿ ಮಾತ್ರ ಔಷಧ ಕಿಟಕಿ ಇನ್ನೂ ರೇಷನ್ ಅಂಗಡಿಯಂತೆಯೇ ನಡೆಯುತ್ತಿದೆ: ಚೀಟಿ ಕೊಡು, ಸರಕು ತಗೋ, ಮುಂದೆ ನಡಿ.

ಎಲ್ಲರ ಜೊತೆಗೂ ಹತ್ತು ನಿಮಿಷ ಮಾತಾಡಲು ಆಗುವುದಿಲ್ಲ, ಆ ಅಗತ್ಯವೂ ಇಲ್ಲ. ಜ್ವರದ ಗುಳಿಗೆಗೆ ಎರಡು ಮಾತು ಸಾಕು. ಇನ್ಸುಲಿನ್, ಇನ್‌ಹೇಲರ್, ರಕ್ತ ತೆಳುವಾಗಿಸುವ ಔಷಧ, ವಾರಕ್ಕೊಮ್ಮೆಯ ಗುಳಿಗೆ ಹೊಸದಾಗಿ ಶುರುವಾದವರಿಗೆ, ಐದಾರು ಬಗೆಯ ಗುಳಿಗೆ ನುಂಗುವ ಹಿರಿಯರಿಗೆ ಪ್ರತ್ಯೇಕ ಕೌಂಟರ್ ಬೇಕು. ಅಲ್ಲಿ ರೋಗಿಗೆ ಕೂರಲು ಒಂದು ಕುರ್ಚಿ, ಕೂತು ಮಾತಾಡುವ ಒಬ್ಬ ಫಾರ್ಮಸಿಸ್ಟ್, ಕನ್ನಡದಲ್ಲಿ ಅಚ್ಚಾದ ಕವರುಗಳು ಬೇಕು. ಓದು ಬಾರದವರಿಗಾಗಿ ಕವರಿನ ಮೇಲೆ ಸೂರ್ಯ, ಚಂದ್ರನ ಚಿತ್ರವಿರಲಿ. ಕೋಟಿಗಟ್ಟಲೆ ಹಣ ಕೊಟ್ಟು ಔಷಧ ಖರೀದಿಸುವ ಇಲಾಖೆಗೆ ಇದು ದೊಡ್ಡ ಖರ್ಚಲ್ಲ.

ಇಲಾಖೆ ಮಾಡುವವರೆಗೆ ನೀವು ಕಾಯಬೇಡಿ. ಮುಂದಿನ ಸಲ ಆಸ್ಪತ್ರೆಗೆ ಬರುವಾಗ ಮನೆಯಲ್ಲಿರುವ ಎಲ್ಲ ಗುಳಿಗೆಗಳನ್ನೂ, ನಾಟಿ ಔಷಧವಿದ್ದರೆ ಅದನ್ನೂ ಚೀಲಕ್ಕೆ ಹಾಕಿಕೊಂಡು ಬನ್ನಿ. ಇದು ಯಾತಕ್ಕೆ, ಯಾವಾಗ, ಎಷ್ಟು ದಿನ ಎಂದು ಕೇಳಿ. ಹಿಂದಿನವರು ಗೊಣಗಿದರೆ ಗೊಣಗಲಿ, ಉತ್ತರ ಸಿಗುವ ತನಕ ಕಿಟಕಿ ಬಿಡಬೇಡಿ.