ರಕ್ತ ನಮ್ಮದು, ಪರೀಕ್ಷೆ ಯಾರದು?

"ಟಿಬಿ ಸಂಶೋಧನೆ ಹೆಸರಲ್ಲಿ ವಿದೇಶದವರಿಗೆ ನಮ್ಮ ಜನರ ರಕ್ತ ಬೇಕಂತೆ, ವಿರೋಧಿಸೋಣ" ಅಂದರು ಗೆಳೆಯರೊಬ್ಬರು. ನಾನು ಒಪ್ಪಲ್ಲ.

ನಮ್ಮ ಕೇರಿಯ ನಾಲ್ಕು ವರ್ಷದ ಮಗುವೊಂದು ತಿಂಗಳುಗಟ್ಟಲೆ ಜ್ವರದಲ್ಲಿ ಸೊರಗಿತು. ಹೋದಲ್ಲೆಲ್ಲ "ಕಫ ತನ್ನಿ" ಅಂತ ಅಲೆಸಿದರು. ಅಷ್ಟು ಸಣ್ಣ ಮಗು ಕಫ ಎಲ್ಲಿಂದ ಉಗುಳುತ್ತೆ? ಟಿಬಿ ಅಂತ ಗೊತ್ತಾಗೋ ಹೊತ್ತಿಗೆ ಎಲುಬಿನ ಗೂಡಾಗಿತ್ತು. ರಕ್ತದಲ್ಲೇ ರೋಗದ ಸುಳಿವು ಹಿಡಿಯೋ ಬಯೋಮಾರ್ಕರ್ ಪರೀಕ್ಷೆ ಬೇಕಿರೋದು ಇಂಥ ಮಕ್ಕಳಿಗೇ.

ಅಂಥ ಸುಳಿವುಗಳನ್ನು ಹುಡುಕೋಕೆ 2013ರಲ್ಲಿ ಭಾರತ, ಅಮೆರಿಕ ಸರ್ಕಾರಗಳ ಹಣದಲ್ಲಿ 'ರಿಪೋರ್ಟ್ ಇಂಡಿಯಾ' ಶುರುವಾಯ್ತು. ಪುಣೆ, ವೆಲ್ಲೂರು, ಪುದುಚೇರಿ, ಚೆನ್ನೈ ಕಡೆಯ ರೋಗಿಗಳು, ಅವರ ಮನೆಯವರು ರಕ್ತ, ಕಫ ಕೊಟ್ಟಿದ್ದಾರೆ. ಗಾಳಿಯಾಡದ ಒಂದೇ ಕೋಣೆಯಲ್ಲಿ ಆರು ಜನ ಮಲಗೋರಿಗೆ ಹೆಚ್ಚು ತಗಲೋ ಕಾಯಿಲೆ ಇದು. ಅವರು ಯಾರು ಅಂತ ನಾನು ಬಿಡಿಸಿ ಹೇಳಬೇಕಿಲ್ಲ. (ನಮ್ಮ ಕೈನೀರು ಕುಡಿಯದ ದೇಶದಲ್ಲಿ ನಮ್ಮ ರಕ್ತಕ್ಕೆ ಮೈನಸ್ 80 ಡಿಗ್ರಿಯ ಜೋಪಾನ!)

ನನ್ನ ಜಗಳ ಇರೋದು ಮುಂದಿನದಕ್ಕೆ. ಜೀನ್‌ಎಕ್ಸ್‌ಪರ್ಟ್ ಪರೀಕ್ಷೆ ಬೆಳೆಯೋಕೂ ಸಾರ್ವಜನಿಕ ಹಣ ಸುರಿದಿತ್ತು. ಆದರೂ ಟಿಬಿ ಕಾರ್ಟ್ರಿಜ್ ಒಂದಕ್ಕೆ ಬಡ ದೇಶಗಳೂ ಹತ್ತಿರತ್ತಿರ 10 ಡಾಲರ್ ಕೊಡಬೇಕಿತ್ತು. ರೋಗಿಗಳು, ಕಾರ್ಯಕರ್ತರು ವರ್ಷಗಟ್ಟಲೆ ಗಲಾಟೆ ಮಾಡಿದ ಮೇಲೆ, 2023ರಲ್ಲಿ, ಸುಮಾರು 8ಕ್ಕೆ ಇಳೀತು. ನಾಳೆ ಬರೋ ರಕ್ತಪರೀಕ್ಷೆಗೂ ಇದೇ ಗತಿಯಾ?

ಬೆಲೆ, ಪೇಟೆಂಟಿನ ಷರತ್ತನ್ನ ರಕ್ತ ಕೊಡುವಾಗಲೇ ಬರೆಸಿಕೊಳ್ಳಬೇಕು. ಆ ಸಮಿತಿಗಳಲ್ಲಿ ಕೇರಿಯವರೂ ಕೂರಬೇಕು. ಸಂಶೋಧನೆಯಲ್ಲಿರೋ ಗೆಳೆಯರೇ, ನಿಮ್ಮ ಒಪ್ಪಿಗೆ ಪತ್ರದ ಪ್ರತಿಯೊಂದನ್ನ ಕಳಿಸಿ, ಜೊತೆಗೆ ಕೂತು ಓದೋಣ.

ಜೈಭೀಮ್