ಸುರಗಿಯ ಗೆಲ್ಲಿಗೆ ಕತ್ತಿ ಬೇಡ

ಮಾಘ ಕಳೆಯುತ್ತಿದ್ದಂತೆ ಕುಂದಾಪುರ ಸೀಮೆಯ ಸುರಗಿ ಮರಗಳು ಎಲೆಯುದುರಿದ ಹಳೆಯ ಗೆಲ್ಲುಗಳ ಮೇಲೆ ಮುತ್ತಿನಂತೆ ಮೊಗ್ಗು ತಳೆಯುತ್ತವೆ. ಒಣಗಿದರೂ ಪರಿಮಳ ಬಿಡದ ಹೂವಿದು. ಮುರುಗಲಿನೊಂದಿಗೆ ಕ್ಲೂಸಿಯೇಸೀ ಕುಟುಂಬದಲ್ಲಿದ್ದ ಸುರಗಿಯನ್ನು 2009ರ ವರ್ಗೀಕರಣವು ಕೆಲೋಫಿಲೇಸೀ ಕುಟುಂಬಕ್ಕೆ ಸೇರಿಸಿತು. ಕಡಲಂಚಿನ ಹೊನ್ನೆ, ನಾಗಸಂಪಿಗೆಗಳು ಅದರ ದಾಯಾದಿಗಳು.

ಕುಟುಂಬ ಬದಲಾದರೆ ಮರಕ್ಕೆ ನಷ್ಟವಿಲ್ಲ, ನಷ್ಟವಿರುವುದು ಕತ್ತಿಯಿಂದ. ಹೂವಿನಾಸೆಗೆ ಗೆಲ್ಲನ್ನೇ ಕಡಿದರೆ ಹೂ ಬಿಡುವಷ್ಟು ಬಲಿತ ಗೆಲ್ಲು ಮತ್ತೆ ಸಿದ್ಧವಾಗಲು ವರ್ಷಗಳು ಬೇಕು. ಮೊಗ್ಗೆಲ್ಲ ಮಾಲೆಯಾದರೆ ಬೀಜವೆಲ್ಲಿಂದ ಬರಬೇಕು? ಏಣಿಯಿಟ್ಟು ಕೊಯ್ಯಲಿ, ಕೆಲವು ಗೆಲ್ಲುಗಳನ್ನು ಕಾಯಿಗೆ ಬಿಡಲಿ. ಬೀಜಾಡಿಯ ಶಾಲೆ, ದೇವಸ್ಥಾನಗಳ ಅಂಗಳಕ್ಕೆ ಪರದೇಶದ ಗುಲ್‌ಮೊಹರ್‌ಗಿಂತ ಸುರಗಿಯೇ ಒಪ್ಪುತ್ತದೆ. ಗಂಡು ಹೂವನ್ನಷ್ಟೇ ಬಿಡುವ ಮರಗಳೂ ಇರುವುದರಿಂದ ಒಂಟಿ ಸಸಿ ಸಾಲದು. ನಾಲ್ಕೈದನ್ನು ಹತ್ತಿರದಲ್ಲೇ ನೆಡಬೇಕು.